ಕಬ್ಬಿನ ಚೀಟಿಯ ಹಿಂಬದಿ

ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳಲ್ಲಿ ಮಗನನ್ನು ಮಿಲ್ಟ್ರಿಗೆ ಕಳಿಸಿದ ಅಪ್ಪನನ್ನು ಗುರುತು ಹಿಡಿಯಲು ಮೀಸೆ ನೋಡಬೇಕಿಲ್ಲ, ಎದೆಯುಬ್ಬು ಅಳೆಯಬೇಕಿಲ್ಲ. ಅಂಗಿಯ ಜೇಬು ನೋಡಿದರೆ ಸಾಕು. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕೊಟ್ಟ ಕಬ್ಬಿನ ತೂಕದ ಚೀಟಿಯೊಂದು ಅಲ್ಲಿ ನಾಲ್ಕು ಮಡಿಕೆಯಾಗಿ ಕೂತಿರುತ್ತದೆ. ಮುಂಬದಿಯಲ್ಲಿ ಟ್ರ್ಯಾಕ್ಟರಿನ ನಂಬರು, ಕಬ್ಬಿನ ಟನ್ನು. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದ ಅಂಕಿಗಳು: 5.30, 10, 9, 31, 21,000, 25. ಕಂಡವರು ಓಸಿ ನಂಬರು ಬರೆದಿಟ್ಟಿದ್ದಾನೆ ಅಂದುಕೊಂಡಾರು. ವಿಷಯ ಬೇರೆ. ಭರ್ತಿ ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದವನಿಗೆ 60 ಅಂಕ. ಬಾರಿಗೆ ಜೋತುಬಿದ್ದು 10 ಸಲ ಮೈ ಎತ್ತಿದವನಿಗೆ 40. ಜಿಗಿಯಬೇಕಾದ ಹಳ್ಳ 9 ಅಡಿ. 2023ರ ಜನವರಿಯಲ್ಲಿ ಶುರುವಾದ ಅಗ್ನಿವೀರರ ಮೊದಲ ತಂಡಕ್ಕೆ ತರಬೇತಿ 31 ವಾರ. ಅದರಲ್ಲಿ ಮೊದಲ 10 ವಾರ ಮೂಲ ತರಬೇತಿ. ಮೊದಲ ವರ್ಷದ ಸಂಬಳ ತಿಂಗಳಿಗೆ 30,000. 9,000 ಸೇವಾನಿಧಿಗೆ ಮುರಿದುಕೊಂಡು ಕೈಗೆ ಬರುವುದು 21,000. ನಾಲ್ಕು ವರ್ಷ ತುಂಬಿದ ಮೇಲೆ ಸೈನ್ಯದಲ್ಲಿ ಉಳಿಯುವವರು ನೂರಕ್ಕೆ ಹೆಚ್ಚೆಂದರೆ 25. ರ‍್ಯಾಲಿಯ ಅಂಕಿಗಳನ್ನು ಮಗ ಓಡಿ ದಾಟಿ ಎಷ್ಟೋ ದಿನವಾಯಿತು. ಅಪ್ಪ ಇನ್ನೂ ಬಾಯಿಪಾಠ ಮಾಡುತ್ತಲೇ ಇದ್ದಾನೆ.

ಊರು ಇವನಿಗೆ 'ಲೆಕ್ಕದ ಮನುಷ್ಯಾ' ಎಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತದೆ. ಹೆಂಡತಿ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುವಾಗ ಗಂಡ ಕಟ್ಟೆಯ ಮೇಲೆ ಕೂತು ವಾರ ಎಣಿಸುತ್ತಾನಲ್ಲ, ಕರುಳಿಲ್ಲದವನು ಎಂಬ ತೀರ್ಪು. ನನ್ನ ವಾದವಿಷ್ಟೇ: ಈ ಮನುಷ್ಯ ಇಡೀ ದಿನ 'ಎಷ್ಟು' ಎಂದು ಕೇಳುವುದು, 'ಹೆಂಗ' ಎಂದು ಕೇಳುವ ಧೈರ್ಯ ಸಾಲದ್ದಕ್ಕೆ. 'ಹೆಂಗದೀಯೋ' ಎಂಬ ಪ್ರಶ್ನೆಗೆ ನಮ್ಮಲ್ಲಿ ಒಂದೇ ಉತ್ತರ: 'ಆರಾಮ ಅದೀನಿ.' ಜ್ವರದಲ್ಲಿ ಮಲಗಿದವನೂ ಅದನ್ನೇ ಹೇಳುತ್ತಾನೆ, ಸಾಲದಲ್ಲಿ ಮುಳುಗಿದವನೂ ಅದನ್ನೇ ಹೇಳುತ್ತಾನೆ, ಆಸ್ಪತ್ರೆಯ ಮಂಚದ ಮೇಲೆ ಕಾಲು ಮೇಲೆತ್ತಿ ಕಟ್ಟಿಸಿಕೊಂಡವನೂ ಅದನ್ನೇ ಹೇಳುತ್ತಾನೆ. ಆ ಉತ್ತರದಿಂದ ಯಾರಿಗೂ ಏನೂ ತಿಳಿಯುವುದಿಲ್ಲ ಎಂಬುದು, ಐವತ್ತು ವರ್ಷ ತಾನೇ ಆ ಉತ್ತರ ಕೊಟ್ಟುಕೊಂಡು ಬಂದ ಅಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಕಿ ಹಾಗಲ್ಲ. ಅದು ಸುಳ್ಳಾದರೂ ಹಿಡಿದು ತೂಗಬಹುದು.

ತೂಗುವುದು ಎಂದರೆ ಅಕ್ಷರಶಃ ತೂಗುವುದೇ. ಹೊರಡುವ ಹಿಂದಿನ ದಿನದ ಟ್ರಂಕನ್ನು ನೋಡಿ. ಕರಿ ಬಣ್ಣದ ತಗಡಿನ ಟ್ರಂಕು. ಮುಚ್ಚಳದ ಮೇಲೆ ಪೇಂಟರನಿಂದ ಬಿಳಿ ಅಕ್ಷರದಲ್ಲಿ ಬರೆಸಿದ ಮಗನ ಹೆಸರು, ಇಂಗ್ಲಿಷಿನಲ್ಲಿ, ಒಂದಕ್ಷರ ತಪ್ಪಾಗಿ. ಒಳಗೆ ಅವ್ವ ತುಂಬಿದ್ದು ಶೇಂಗಾದ ಹೋಳಿಗೆ, ಗೋಕಾಕದ ಕರದಂಟು, ಬಟ್ಟೆಯಲ್ಲಿ ಬಿಗಿದ ಕಟಕ ರೊಟ್ಟಿ, ಎರಡು ತರದ ಚಟ್ನಿಪುಡಿ, ಅವುಗಳ ಸಂದಿಯಲ್ಲಿ ಉಸಿರುಗಟ್ಟಿಕೊಂಡು ನಾಲ್ಕು ಬನಿಯನ್ನು. ಅಪ್ಪ ಆ ಟ್ರಂಕನ್ನು ಎತ್ತಿಕೊಂಡು ಕಿರಾಣಿ ಅಂಗಡಿಯ ಜ್ವಾಳದ ಕಾಟಾದ ಮೇಲೆ ಇಡುತ್ತಾನೆ. ಇಪ್ಪತ್ತಾರು ಕಿಲೋ. 'ಇಷ್ಟ್ ಹೊತ್ಕೊಂಡು ಪ್ಲಾಟ್‌ಫಾರ್ಮ್ ದಾಟೂದ್ ಹೆಂಗ?' ಎಂದು ಮೂರು ಕಿಲೋ ತೆಗೆಸುತ್ತಾನೆ. ತೆಗೆದದ್ದು ಬನಿಯನ್ನು ಮತ್ತು ಕ್ಯಾನ್ವಾಸ್ ಬೂಟು, ಹೋಳಿಗೆ ಅಲ್ಲ. ಮರುದಿನ ಬೆಳಗಾವಿ ಸ್ಟೇಷನ್ನಿನಲ್ಲಿ ಅವ್ವ, ಅತ್ತಿ, ತಂಗಿ ಮೂವರೂ ಹುಡುಗನ ಮುಖ ನೋಡುತ್ತಿದ್ದರೆ ಇವನು ಡಬ್ಬಿಯ ನಂಬರು ನೋಡುತ್ತಾನೆ. ಗೋವಾ ಎಕ್ಸ್‌ಪ್ರೆಸ್ ಹತ್ತಿ ಇಟಾರ್ಸಿಯಲ್ಲಿ ಇಳಿದು ಅಲ್ಲಿಂದ ತರಬೇತಿ ಕೇಂದ್ರವಿರುವ ಜಬಲ್ಪುರದ ಗಾಡಿ ಹಿಡಿಯಬೇಕು ಎಂಬುದನ್ನು ಹದಿನೇಳನೇ ಸಲ ಹೇಳುತ್ತಾನೆ. ಇಟಾರ್ಸಿಯನ್ನು ಅವನು ನಕಾಶೆಯಲ್ಲೂ ಕಂಡವನಲ್ಲ. ಗಾಡಿ ಅಲುಗಿದ ಮೇಲೆ ಕಿಟಕಿಯ ಜೊತೆಗೆ ಹತ್ತು ಹೆಜ್ಜೆ ನಡೆದು ಕೂಗುವ ಕೊನೆಯ ಮಾತು: 'ಸಾಮಾನು ಎಷ್ಟಾತು? ಮೂರ್ ಅದಾವಲ್ಲ?'

ಇದಕ್ಕೆ ಮೊದಲ ಆಕ್ಷೇಪ ದುಡ್ಡಿನದು. ಅಪ್ಪನ ಲೆಕ್ಕವೆಲ್ಲ ಕೊನೆಗೆ 21,000ದ ಲೆಕ್ಕವೇ, ಅದಕ್ಕೆ ಪ್ರೀತಿಯ ಬಣ್ಣ ಏಕೆ ಬಳಿಯುತ್ತೀರಿ ಎಂದು ಕೇಳುವವರಿದ್ದಾರೆ. ದುಡ್ಡು ಬೇಡದ ಮನೆಗಳಿಂದ ಹುಡುಗರು ಸಾಲುಗಟ್ಟಿ ಸಿಪಾಯಿ ಭರ್ತಿಗೆ ಬರುತ್ತಾರೆ ಎಂದು ನಾನೂ ಹೇಳಲಾರೆ. ಎರಡೆಕರೆ ಒಣ ಬೇಸಾಯ, ಪಿಯುಸಿ ಮುಗಿಸಿದ ಇಬ್ಬರು ಗಂಡುಮಕ್ಕಳು, ಇದರ ಎದುರು ತಿಂಗಳಿಗೆ 21,000 ಸಣ್ಣ ಮೊತ್ತವಲ್ಲ. ಆದರೆ ಲೋಭಿಯ ಲಕ್ಷಣ ಏನು? ದೊಡ್ಡ ಅಂಕಿಯನ್ನು ಮೊದಲು ಹೇಳುವುದು. ಅಗ್ನಿಪಥ ಯೋಜನೆಯನ್ನು ಸರ್ಕಾರ ಘೋಷಿಸಿದ್ದು 2022ರ ಜೂನ್ 14ರಂದು. ಅಂದಿನಿಂದ ಅದರ ಅಂಕಿಗಳೆಲ್ಲ ಪೇಪರಿನಲ್ಲಿ ಬಂದಿವೆ. ನಾಲ್ಕು ವರ್ಷದ ಕೊನೆಗೆ ಸೇವಾನಿಧಿಯಿಂದ ಬರುವುದು ಬಡ್ಡಿ ಸೇರಿ ಸುಮಾರು 11.71 ಲಕ್ಷ. ಇದನ್ನು ಅಪ್ಪ ಚಹಾದಂಗಡಿಯಲ್ಲಿ, ಸೊಸೈಟಿಯಲ್ಲಿ, ಗುಡಿಯ ಕಟ್ಟೆಯಲ್ಲಿ, ಕೇಳದವರಿಗೂ ಹೇಳುತ್ತಾನೆ, ಎಪ್ಪತ್ತೊಂದು ಸಾವಿರವನ್ನು ಬಿಡದೆ. ಅದೇ ಪಟ್ಟಿಯಲ್ಲಿ ಇನ್ನೊಂದು ಅಂಕಿ ಇದೆ, ಎಲ್ಲಕ್ಕಿಂತ ದೊಡ್ಡದು: 48 ಲಕ್ಷ. ಅದು ಜೀವವಿಮೆಯ ಮೊತ್ತ, ಹುಡುಗನ ಸಂಬಳದಿಂದ ಒಂದು ಪೈಸೆ ಮುರಿಯದೆ ಕೊಡುವಂಥದ್ದು. ಕಬ್ಬಿನ ಚೀಟಿಯ ಹಿಂಬದಿಯನ್ನು ಎಷ್ಟು ಹುಡುಕಿದರೂ ಆ 48 ಸಿಗುವುದಿಲ್ಲ. ಯಾರಾದರೂ ಅವನ ಮುಂದೆ ಆ ಮಾತೆತ್ತಿದರೆ ಎದ್ದು ಎಲೆಯಡಿಕೆ ಉಗುಳಲು ಹೋಗುತ್ತಾನೆ, ಬಾಯಲ್ಲಿ ಎಲೆಯಡಿಕೆ ಇಲ್ಲದಿದ್ದರೂ.

ಮೈನಸ್ ಎಂಬ ಚಿಹ್ನೆಯ ವಿಷಯದಲ್ಲೂ ಹೀಗೆಯೇ. ಮೊಬೈಲಿನಲ್ಲಿ ತನ್ನೂರಿನ ಬಿಸಿಲು ಎಷ್ಟಿದೆಯೆಂದು ಎಂದೂ ನೋಡದವನು ಈಗ ದಿನಕ್ಕೆ ಎರಡು ಬಾರಿ ಜಬಲ್ಪುರದ ಡಿಗ್ರಿ ನೋಡುತ್ತಾನೆ. ಹನ್ನೆರಡು ಎಂದು ತೋರಿಸಿದ ದಿನ ಹೆಂಡತಿಯನ್ನು 'ಸ್ವೆಟರ್ ಇಟ್ಟಿದ್ದಿಲ್ಲೋ?' ಎಂದು ಮೂರು ಸಲ ಕೇಳುತ್ತಾನೆ. ತರಬೇತಿ ಮುಗಿದ ಮೇಲೆ ಹುಡುಗ ಎಲ್ಲಿಗೆ ಹೋಗುತ್ತಾನೆ, ಅಲ್ಲಿನ ಡಿಗ್ರಿ ಎಷ್ಟು ಎಂದು ಮಾತ್ರ ಕೇಳುವುದಿಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ನಿನ ಹಿಮದಡಿ ಆರು ದಿನ ಜೀವ ಹಿಡಿದಿದ್ದು, 2016ರ ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನು ಈ ಸೀಮೆಯ ಪ್ರತಿಯೊಂದು ಮನೆಯೂ ಟಿವಿ ಮುಂದೆ ಕೂತು ನೋಡಿದೆ. ಯಾವ ಲೆಕ್ಕ ಮಾಡಬೇಕು, ಯಾವುದನ್ನು ಮಾಡಬಾರದು ಎಂಬುದು ಲೆಕ್ಕದ ಮನುಷ್ಯನಿಗೆ ಗೊತ್ತಿರುತ್ತದೆ.

ಎರಡನೆಯ ಆಕ್ಷೇಪ ಇಂಜಿನಿಯರಿಂಗ್ ಮಕ್ಕಳ ಅಪ್ಪಂದಿರದು. ನಮ್ಮ ಹುಡುಗನೂ ಬೆಂಗಳೂರಿನ ಹಾಸ್ಟೆಲಿಗೆ ಹೋದ, ನಾವು ಟ್ರಂಕು ತೂಗಿದೆವೇ, ಡಿಗ್ರಿ ನೋಡಿದೆವೇ? ದೂರದ ಮಾತೇ ಆಗಿದ್ದರೆ ಇವರು ಗೆದ್ದಂತೆ. ಆದರೆ ದೂರವೇ ಇಲ್ಲದ ಉದಾಹರಣೆಯೊಂದಿದೆ. ಮರಾಠಾ ಲಘು ಪದಾತಿದಳದ ರೆಜಿಮೆಂಟ್ ಕೇಂದ್ರ 1922ರಿಂದ ಬೆಳಗಾವಿಯಲ್ಲೇ ಇದೆ. ಜಿಲ್ಲೆಯ ಹುಡುಗರು ಅಲ್ಲೇ ತರಬೇತಿಗೆ ಸೇರುವುದುಂಟು. ಅಂಥವನ ಅಪ್ಪ ನೆಮ್ಮದಿಯಾಗಿರಬೇಕಲ್ಲ? ಅವನ ಪಾಡು ಇನ್ನೂ ಕಷ್ಟ. ವಾರಕ್ಕೊಮ್ಮೆ ಅವನಿಗೆ ಕ್ಯಾಂಪ್ ಪ್ರದೇಶದಲ್ಲಿ ಏನೋ ಒಂದು ಕೆಲಸ ಹುಟ್ಟುತ್ತದೆ. ಪಂಪ್‌ಸೆಟ್ಟಿನ ವಾಷರ್ ಊರಲ್ಲೇ ಸಿಗುತ್ತಿದ್ದರೂ ಅಲ್ಲಿಯವರೆಗೆ ಬೈಕು ಹೊಡೆದುಕೊಂಡು ಹೋಗುತ್ತಾನೆ. ಗೇಟಿನ ಮುಂದೆ ಗಾಡಿ ನಿಧಾನವಾಗುತ್ತದೆ, ಸಂತ್ರಿ ನೋಡಿದ ಕೂಡಲೇ ಜೋರಾಗುತ್ತದೆ. ಒಳಗಡೆ ಒಂದೇ ತಲೆಗೂದಲಿನ, ಒಂದೇ ಬನಿಯನ್ನಿನ ನೂರು ಹುಡುಗರು ಓಡುತ್ತಿದ್ದಾರೆ. ಹೆತ್ತವನಿಗೂ ಗುರುತು ಹತ್ತುವುದಿಲ್ಲ. ಹಾಸ್ಟೆಲಿನ ಹುಡುಗನಿಗೆ ಜ್ವರ ಬಂದರೆ ಬಸ್ಸು ಹತ್ತಿ ಬಂದುಬಿಡುತ್ತಾನೆ, ಬರದಿದ್ದರೆ ಅಪ್ಪ ಬಸ್ಸು ಹತ್ತುತ್ತಾನೆ. ಇಲ್ಲಿ ಬಾಗಿಲಿನ ಅಗುಳಿ ಮತ್ತೊಬ್ಬರ ಕೈಯಲ್ಲಿದೆ. ಹದಿನೆಂಟು ವರ್ಷ 'ನನ್ನ ಕೇಳದ ಹೊಲದ ಬದು ದಾಟಬ್ಯಾಡ' ಎಂದವನು ಈಗ ಮಗನ ಮುಖ ನೋಡಲು ಇನ್ನೊಬ್ಬನ ಅಪ್ಪಣೆಗೆ ಕಾಯಬೇಕು.

ಓದಿಕೊಂಡವರು ಇದಕ್ಕೆಲ್ಲ ಮೇಲಿನ ತೂಕದ ಕಲ್ಲೊಂದನ್ನು ಇಡುತ್ತಾರೆ: ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನು ನೋಡಿ ಕಲಿಯಿರಿ! 1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಅಲ್ಲಿನ ಅಧ್ಯಕ್ಷ; ಮಗನನ್ನು ಬಿಟ್ಟುಕೊಡಲು ಸಿದ್ಧ ಎಂದು ಹೇಳಿಕಳಿಸಿದ. ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲ ತನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಲಿ ಎಂಬುದು ಅವರ ಉತ್ತರ. ದೊಡ್ಡ ಮಾತು, ದೊಡ್ಡ ಮನುಷ್ಯ. ಇದರಲ್ಲಿ ಎರಡು ಮಾತಿಲ್ಲ. ಆದರೆ ಈ ಹೋಲಿಕೆಯಲ್ಲಿ ನಮ್ಮ ಅಪ್ಪನಿಗೆ ಅನ್ಯಾಯವಾಗುತ್ತದೆ. ಕಾರ್ಯಪ್ಪನವರಿಗೆ ಸೈನ್ಯದ ಒಳಮನೆಯ ಯಾವ ಸಂಗತಿಯೂ ತಿಳಿಯದ್ದಲ್ಲ; ಸೈನಿಕ ಎಷ್ಟಕ್ಕೆ ಏಳುತ್ತಾನೆ, ಏನು ತಿನ್ನುತ್ತಾನೆ, ಎಲ್ಲಿ ಮಲಗುತ್ತಾನೆ ಎಂಬುದನ್ನು ಅವರು ಯಾರನ್ನೂ ಕೇಳಬೇಕಿರಲಿಲ್ಲ. ನಮ್ಮವನಿಗೆ ಗೊತ್ತಿರುವ ಸೈನ್ಯ ಜನವರಿ 26ರಂದು ಟಿವಿಯಲ್ಲಿ ಬರುವುದು, ಅದೂ ಕರೆಂಟ್ ಇದ್ದರೆ. ಕಾಣದ ಊರಿನಲ್ಲಿ ಮಗನಿಗಾಗಿ ಒಂದು ಮನೆ ಕಟ್ಟಿಕೊಳ್ಳಬೇಕು, ಇಟ್ಟಿಗೆಗೆ ಅಂಕಿಯ ಹೊರತು ಬೇರೇನೂ ಇಲ್ಲ. ಸಾಲದ್ದಕ್ಕೆ ಕಾರ್ಯಪ್ಪನವರ ಕೊಡಗಿನಲ್ಲಿ ಹುಡುಗ ಸೈನ್ಯಕ್ಕೆ ಹೊರಟರೆ ಅಜ್ಜ, ಮಾವ, ದೊಡ್ಡಪ್ಪ ಎಲ್ಲರೂ ಹೋಗಿ ಬಂದ ದಾರಿ ಅದು. ಇಲ್ಲಿ ಅನೇಕ ಮನೆಗಳಲ್ಲಿ ಈ ಹುಡುಗನೇ ಮೊದಲಿಗ.

ಆದ್ದರಿಂದ ಭಾನುವಾರದ ಫೋನು. ಮೊಬೈಲುಗಳನ್ನು ಕೇಂದ್ರದಲ್ಲಿ ಇಟ್ಟುಕೊಂಡಿರುತ್ತಾರೆ, ಕೊಟ್ಟಾಗ ಮಾತು. ಅಪ್ಪ ಬೆಳಗಿನಿಂದ ಫೋನನ್ನು ಚಾರ್ಜಿಗೆ ಹಾಕಿ ಅದರ ಪಕ್ಕದಲ್ಲೇ ಕೂತಿರುತ್ತಾನೆ. ಯಾರೋ ಸಾಲದ ಕಂಪನಿಯವರು ಕರೆ ಮಾಡಿದರೆ ಅವರ ಕುಲ ತೊಳೆಯುತ್ತಾನೆ. ಮಗನ ಕರೆ ಬಂದ ಕೂಡಲೇ ಚೀಟಿ ಹೊರಗೆ ಬರುತ್ತದೆ. 'ಎಷ್ಟಕ್ಕ ಎಬ್ಬಸ್ತಾರೋ?' 'ನಾಕಕ್ಕಪ್ಪಾ.' ಬರೆದುಕೊಳ್ಳುತ್ತಾನೆ. 'ತೂಕಾ ಎಷ್ಟ ಇಳದೀ?' 'ನಾಕ ಕಿಲೋ.' ಬರೆದುಕೊಳ್ಳುತ್ತಾನೆ. 'ಚಪಾತಿ ಎಷ್ಟ ಕೊಡ್ತಾರ?' 'ಬೇಕಾದಷ್ಟ ಕೊಡ್ತಾರಪ್ಪಾ.' ಪೆನ್ನು ನಿಲ್ಲುತ್ತದೆ. ಬೇಕಾದಷ್ಟು ಎಂಬುದು ಅಂಕಿಯಲ್ಲ. 'ಬೇಕಾದಷ್ಟ ಅಂದ್ರ ಎಷ್ಟಲೇ? ಆರೋ, ಎಂಟೋ?' ಅಷ್ಟರಲ್ಲಿ ಅವ್ವ ಫೋನು ಕಸಿದುಕೊಂಡು, ಕೇಳಬೇಕಾದದ್ದನ್ನು ಒಂದೇ ಮಾತಿನಲ್ಲಿ ಕೇಳುತ್ತಾಳೆ: 'ಹೆಂಗದೀಯೋ ಯಪ್ಪಾ?' ಹುಡುಗ ಈಗ ಸಿಪಾಯಿ ಭಾಷೆ ಕಲಿಯುತ್ತಿದ್ದಾನೆ. ಮಾಸ್ತರ ಅವನ ಬಾಯಲ್ಲಿ ಉಸ್ತಾದ್ ಆಗಿದ್ದಾನೆ. 'ಆರಾಮ ಅದೀನವ್ವಾ, ಉಸ್ತಾದ್ ದಿನಾ ರಗಡಾ ಕೊಡ್ತಾರ' ಎನ್ನುತ್ತಾನೆ. ರಗಡ ಎಂದರೆ ಉತ್ತರ ಕರ್ನಾಟಕದವರಿಗೆ ವಿವರಿಸಬೇಕೇ? ಬೇಕಾದಷ್ಟು, ತುಂಬಿ ತುಳುಕುವಷ್ಟು. ಅವ್ವನ ಮುಖ ಅರಳುತ್ತದೆ. ಉಸ್ತಾದ್ ಎಂಬವನು ಯಾರೋ ಪುಣ್ಯಾತ್ಮ, ಬಹುಶಃ ಅಡುಗೆಯವನು, ಮಗನಿಗೆ ದಿನಾ ರಗಡ ಬಡಿಸುತ್ತಾನೆ.

ಸಂಜೆ ಅಪ್ಪ ಈ ಮಾತನ್ನು ಊರಿನ ಮಿಲ್ಟ್ರಿ ಕಾಕಾನ ಹತ್ತಿರ ಒಯ್ಯುತ್ತಾನೆ. ಮಿಲ್ಟ್ರಿ ಕಾಕಾ ಎಂದರೆ ಹವಾಲ್ದಾರನಾಗಿ ನಿವೃತ್ತಿಯಾಗಿ ಬಂದು, ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂತವನು; ಇಂಥವನು ಊರಿಗೊಬ್ಬ ಇರುತ್ತಾನೆ. ಅವನು ಬೀಡಿ ಹಚ್ಚಿ ನಗುತ್ತಾನೆ. ಸಿಪಾಯಿಗಳ ರಗಡಾ ಬೇರೆ. ತಪ್ಪು ಮಾಡಿದವನಿಗೂ ಮಾಡದವನಿಗೂ ಸೇರಿಸಿ ಕೊಡುವ ಶಿಕ್ಷೆ. ಬೂದಿಮಣ್ಣಿನ ಮೇಲೆ ಉರುಳುವುದು, ಮೊಣಕೈ ಊರಿ ತೆವಳುವುದು, ತಲೆ ನೆಲಕ್ಕೆ ಹಚ್ಚಿ ಕುಂಡಿ ಮೇಲೆತ್ತಿ ನಿಲ್ಲುವುದು. ಅಪ್ಪ ಚೀಟಿಯನ್ನು ಜೇಬಿನಿಂದ ತೆಗೆದು ಅರ್ಧ ಬಿಡಿಸಿ, ಎಷ್ಟು ಹೊತ್ತು, ಎಷ್ಟು ಸಲ ಎಂದು ಕೇಳದೆ, ಮತ್ತೆ ಮಡಚಿ ಒಳಗಿಡುತ್ತಾನೆ. ಮನೆಗೆ ಬಂದಾಗ ಹೆಂಡತಿ ಪಕ್ಕದ ಮನೆಯವಳಿಗೆ ಬಾಗಿಲಲ್ಲಿ ನಿಂತು ಹೇಳುತ್ತಿರುತ್ತಾಳೆ, ಅಲ್ಲಿ ಹುಡುಗನಿಗೆ ಯಾವುದಕ್ಕೂ ಕಮ್ಮಿ ಇಲ್ಲ, ಎಲ್ಲಾ ರಗಡ ಕೊಡ್ತಾರಂತ. ತಿರುಗಿ ಗಂಡನನ್ನೂ ಸಾಕ್ಷಿಗೆ ಕರೆಯುತ್ತಾಳೆ. ಅವನು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾ ಹೇಳುತ್ತಾನೆ: 'ಹೂಂ, ರಗಡ.'