ಏಳನೆಯ ಉಂಗುರ

ಹೊಸಬರು ಎದುರಾದರೆ ನಮ್ಮ ಸೀಮೆಯಲ್ಲಿ ಮೊದಲು ಕೇಳುವುದು ಹೆಸರನ್ನಲ್ಲ, ಊರನ್ನು. ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತವರು 'ಯಾವೂರಾಯ್ತು?' ಎನ್ನುತ್ತಾರೆ, ಪಿರಿಯಾಪಟ್ಟಣದ ಸಂತೆಯಲ್ಲಿ ಅವರೆಕಾಯಿ ಮಾರುವ ಅಜ್ಜಿಯೂ ಅದನ್ನೇ ಕೇಳುತ್ತಾಳೆ. ಊರೊಂದು ಸಿಕ್ಕಿದರೆ ಸಾಕು, ಯಾರ ಪೈಕಿ, ಯಾರ ಮನೆಯ ಅಳಿಯ ಎಂಬುದೆಲ್ಲ ಬಸ್ಸು ಬರುವುದರೊಳಗೆ ಇತ್ಯರ್ಥವಾಗಿರುತ್ತದೆ. ಈ ವಿಚಾರಣೆಗೆ ಸೊಪ್ಪು ಹಾಕದೆ ವರ್ಷವರ್ಷವೂ ಮನೆಗೆ ನುಗ್ಗುವ ಗಿರಾಕಿಯೊಂದಿದೆ. ಮಳೆ ಹಿಡಿದ ಕೂಡಲೇ ಅಂಗಳ ದಾಟಿ, ಗೋಡೆ ಹತ್ತಿ, ಬಚ್ಚಲ ಮೂಲೆಯಲ್ಲಿ ಸುರುಳಿ ಸುತ್ತಿ ಮಲಗುವ ಇಟ್ಟಿಗೆಗೆಂಪಿನ ಸಹಸ್ರಪದಿ. ಮಕ್ಕಳ ಪಾಲಿಗೆ ರೈಲುಹುಳ.

ಬಲ್ಲವರ ಪ್ರಕಾರ ಇಂಥ ಕೆಂಪು ಹುಳಗಳಲ್ಲಿ ಬಹು ಪ್ರಸಿದ್ಧವಾದದ್ದು ಟ್ರಿಗೋನಿಯುಲಸ್ ಕೊರಾಲಿನಸ್. ಆ ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿ ಹುಳ ಅರ್ಧ ಗೋಡೆ ಹತ್ತಿರುತ್ತದೆ. ಅದರ ತವರು ಆಗ್ನೇಯ ಏಷ್ಯಾ. ಕುಂಡದ ಮಣ್ಣಿನಲ್ಲಿ, ಸಸಿಯ ಬೇರಿನ ಸಂದಿಯಲ್ಲಿ ಅಡಗಿ ಕೂತು, ಟಿಕೆಟ್ಟಿಲ್ಲದೆ ಹೊರಟದ್ದು ಭಾರತವನ್ನಷ್ಟೇ ಅಲ್ಲ, ಕೆರಿಬಿಯನ್ ದ್ವೀಪಗಳನ್ನೂ ಅಮೆರಿಕದ ಫ್ಲಾರಿಡಾವನ್ನೂ ಮುಟ್ಟಿದೆ. 2015ರಲ್ಲಿ ವಿಜ್ಞಾನಿಗಳು ಅದರ ಜೀನೋಮನ್ನೇ ಓದಿ ಪ್ರಕಟಿಸಿದರು. ನಮ್ಮ ಸೀಮೆಯ ಎಷ್ಟೋ ದೊಡ್ಡ ಮನುಷ್ಯರಿಗೆ ಇನ್ನೂ ಸಿಗದ ಮರ್ಯಾದೆ ಅದು.

ಸಾವಿರ ಕಾಲೆಂಬುದು ಬಹುಕಾಲ ಬರೀ ಬಿರುದಾಗಿತ್ತು. ನಿಜವಾಗಿ ಸಾವಿರ ದಾಟಿದ ಹುಳ ಲೋಕಕ್ಕೆ ಪರಿಚಯವಾದದ್ದು 2021ರಲ್ಲಿ. ಆಸ್ಟ್ರೇಲಿಯಾದ ಗಣಿ ಸೀಮೆಯಲ್ಲಿ ಕೊರೆದ ಆಳದ ರಂಧ್ರದಿಂದ ಎದ್ದು ಬಂದ ಅದಕ್ಕೆ 1306 ಕಾಲು. ನಮ್ಮ ಬಚ್ಚಲಿನದು ಅದರ ಹತ್ತಿರವೂ ಸುಳಿಯುವುದಿಲ್ಲ. ಆದರೂ ಹೆಚ್ಚಿನ ಉಂಗುರಗಳಿಗೆ ಎರಡೆರಡು ಜೊತೆ ಕಾಲು. ಉಂಗುರಕ್ಕೆ ಒಂದೇ ಜೊತೆಯಿದ್ದು, ಸರ್ರನೆ ಓಡಿದರೆ ಅದು ಕಚ್ಚುವ ಜರಿ. ಆಗ ಎಣಿಸುತ್ತ ಕೂರಬಾರದು.

ಇನ್ನು ಗುರುತು ಹಿಡಿಯುವ ಸಂಗತಿ. ಬಣ್ಣ ನೋಡಿ ಹೇಳೋಣವೆಂದರೆ ಕೆಂಪಗಿರುವ ಸಹಸ್ರಪದಿಗಳು ಬೇರೆಯೂ ಇವೆ. ಖಚಿತವಾಗಬೇಕಾದರೆ ವಯಸ್ಸಿಗೆ ಬಂದ ಗಂಡೇ ಬೇಕು. ಗಂಡಿನ ಏಳನೆಯ ಉಂಗುರದಲ್ಲಿ, ಕಾಲುಗಳಿರಬೇಕಾದ ಕಡೆ, ಹೆಣ್ಣನ್ನು ಕೂಡುವುದಕ್ಕೆಂದೇ ಮಾರ್ಪಟ್ಟ ಅಂಗಗಳಿರುತ್ತವೆ. ಒಂದೊಂದು ಪ್ರಭೇದಕ್ಕೂ ಅವುಗಳ ಆಕಾರ ಬೇರೆ. ಸೂಕ್ಷ್ಮದರ್ಶಕದಡಿ ಅವನ್ನು ಬಿಡಿಸಿ ನೋಡಿದವರೇ ಅಧಿಕಾರದಿಂದ ಮಾತಾಡಬಲ್ಲರು. ನಾವು ಬಗ್ಗಿ ಏಳನೆಯ ಉಂಗುರ ಎಣಿಸುವ ಹೊತ್ತಿಗೆ ಹುಳ ಮಾನವಂತನಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಒತ್ತಾಯ ಮಾಡಿದರೆ ಮೈಯಿಂದ ಕ್ವಿನೋನ್ ಎಂಬ ಘಾಟು ರಸ ಒಸರುತ್ತದೆ. ಬೆರಳು ಕಂದಾಗುತ್ತದೆ, ಕಣ್ಣಿಗೆ ತಗುಲಿದರೆ ಉರಿ. ಹಾಗಾಗಿ ಗಂಡೋ ಹೆಣ್ಣೋ ಎಂಬ ಕುತೂಹಲವನ್ನು ಕಡ್ಡಿಯ ತುದಿಯಲ್ಲೇ ತೀರಿಸಿಕೊಳ್ಳುವುದು ಕ್ಷೇಮ.

ಗುರುತು ಸಿಕ್ಕಿತೆಂದೇ ಇಟ್ಟುಕೊಳ್ಳೋಣ, ಎಲ್ಲೆಲ್ಲಿದೆ? ಹುಳದ ಫೋಟೋ ಕಳಿಸಿ ನಕ್ಷೆಯಲ್ಲಿ ಚುಕ್ಕಿಯಿಡುವವರು ಯಾರು ಎಂಬುದರ ಮೇಲೆ ಉತ್ತರ ನಿಂತಿದೆ. ಹುಣಸೂರಿನ ಹೆದ್ದಾರಿಯಲ್ಲಿ ಚಹಾಕ್ಕಿಳಿದವರು ಫೋನಿನಲ್ಲಿ ಹಿಡಿಯುತ್ತಾರೆ, ಎಚ್.ಡಿ. ಕೋಟೆಯ ಕಬಿನಿ ದಂಡೆಗೆ ಹುಲಿ ನೋಡಲು ಬಂದು ಹುಲಿ ಕಾಣದವರು ಹುಳವನ್ನಾದರೂ ತೆಗೆದುಕೊಂಡು ಹೋಗುತ್ತಾರೆ. ಕೆ.ಆರ್. ನಗರದ ಗದ್ದೆ ಬದುವಿನಲ್ಲಿ ನಾಟಿ ಹಾಕುವವರಿಗೆ ಆ ಪುರುಸೊತ್ತಿಲ್ಲ. ಕೊನೆಗೆ ನಕ್ಷೆಯಲ್ಲಿ ಕಾಣುವುದು ಬಿಡುವಿದ್ದ ಮನುಷ್ಯರ ಹಂಚಿಕೆ. ಖಾಲಿ ಉಳಿದ ಜಾಗದಲ್ಲಿ ಹುಳವಿಲ್ಲವೆಂದು ನಂಬಿದರೆ ಕೆ.ಆರ್. ನಗರದ ಬಚ್ಚಲುಗಳು ನಗುತ್ತವೆ.

ಹೊರಗಿನದು ಎಂದು ಮೂಗು ಮುರಿಯುವುದಕ್ಕೂ ಇಲ್ಲಿ ಧೈರ್ಯ ಬೇಕು. ಈ ಸೀಮೆಯ ಬಾಳನ್ನು ಹಿಡಿದಿರುವ ಹೊಗೆಸೊಪ್ಪೇ ಅಮೆರಿಕ ಖಂಡದ್ದು. ಅದಕ್ಕೆ ಮಂಡಳಿಯಿದೆ, ಲೈಸೆನ್ಸಿದೆ, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳಲ್ಲಿ ಹರಾಜು ಕಟ್ಟೆಯಿದೆ. ಸಾರಿನ ಮೆಣಸಿನಕಾಯಿ, ಟೊಮೇಟೊ ಅದೇ ಕಡೆಯವು. ನಾಗರಹೊಳೆಯನ್ನು ಮುತ್ತಿದ ಲಂಟಾನವೂ ಅದೇ ಕಡೆಯದು. ನಮ್ಮವೂ ಸುಮ್ಮನೆ ಮನೆಯಲ್ಲಿ ಕೂತಿಲ್ಲ: ದಕ್ಷಿಣ ಭಾರತ, ಶ್ರೀಲಂಕಾ ಮೂಲದ ಕಾಂಡ್ರೊಮಾರ್ಫಾ ಎಂಬ ಚಪ್ಪಟೆ ಸಹಸ್ರಪದಿ ಉಷ್ಣವಲಯದ ಹಲವು ದೇಶಗಳಲ್ಲಿ ಸಂಸಾರ ಹೂಡಿದೆ. ಅಲ್ಲಿಯೂ ಯಾರೋ ಪೊರಕೆ ಹಿಡಿದು ಶಾಪ ಹಾಕುತ್ತಿರಬೇಕು.

ಹಾಗೆಂದು ಬಂದವರೆಲ್ಲ ಸಾಧುಗಳಲ್ಲ. ಯುರೋಪಿನ ಪೋರ್ಚುಗೀಸ್ ಸಹಸ್ರಪದಿ 1953ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕಾಣಿಸಿಕೊಂಡು, ಆಮೇಲೆ ರೈಲು ಹಳಿಗಳ ಮೇಲೆ ರಾಶಿ ಬಿದ್ದು ಚಕ್ರ ಜಾರಿಸುವ ಮಟ್ಟಕ್ಕೆ ಬೆಳೆಯಿತು. ನಮ್ಮ ಕೆಂಪು ಗಿರಾಕಿಯ ಹಸಿವು ಮುಖ್ಯವಾಗಿ ಕೊಳೆತ ಎಲೆ, ಲಡ್ಡು ಕಟ್ಟಿಗೆಯದು. ಪಶ್ಚಿಮಘಟ್ಟದ ನಾಡ ಹುಳಗಳೂ ಅದೇ ಕಸುಬಿನವು. ಗುಂಡಗೆ ಮುದುರುವ ಆರ್ತ್ರೋಸ್ಫೇರಾ ತೋಟದ ಕಸವನ್ನು ಗೊಬ್ಬರ ಮಾಡುವುದನ್ನು ಮಂಗಳೂರು ವಿಶ್ವವಿದ್ಯಾಲಯದವರು ಅಭ್ಯಾಸ ಮಾಡಿದ್ದಾರೆ. ಒಂದೇ ಎಲೆಗೆ ಇಬ್ಬರು ಕೈಯಿಟ್ಟಾಗ ಯಾರಿಗೆ ಕಡಿಮೆಯಾಗುತ್ತದೆಂದು ತಿಳಿಯಲಿಕ್ಕಾದರೂ ಯಾರು ಯಾರೆಂದು ಗೊತ್ತಿರಬೇಕು. ಏಳನೆಯ ಉಂಗುರದ ತಲೆನೋವು ಅದಕ್ಕೇ.

ಚಿಕ್ಕಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಹುಳಗಳನ್ನು ಮೊರಕ್ಕೆ ಗುಡಿಸಿಕೊಂಡು ತಿಪ್ಪೆಯ ಕಡೆ ನಡೆಯುತ್ತಿದ್ದರು. "ಎಲ್ಲಿಂದಾರ ಬರ್ಲಿ ಮಗ, ತಿಪ್ಪೇಲಿ ಗೇಯ್ಲಿ" ಎಂದರು. ಹಾಗೇ ಆಯಿತು; ಗೊಬ್ಬರ ಕಪ್ಪಗೆ, ಹುಡಿಹುಡಿಯಾಗಿ ಬಂತು. ಸುದ್ದಿ ತಿಳಿದ ಕೆ.ಆರ್. ನಗರದ ಭಾವ ಬಂದು, ತೆಂಗಿನ ಬುಡಕ್ಕೆ ಬೇಕೆಂದು ಒಂದು ಟ್ರ್ಯಾಕ್ಟರ್ ಲೋಡು ತುಂಬಿಸಿಕೊಂಡು ಹೋದರು. ಹುಳಗಳಿಗೆ ಬಾಡಿಗೆಯನ್ನೂ ಅವರೇ ಕೊಟ್ಟರು.