ನಾಲಿಗೆ ಹೆರೆದ ಅಪರಾಧ

ಬೆಳಗೆದ್ದು ಹಲ್ಲುಜ್ಜಿ, ತಾಮ್ರದ ಪಟ್ಟಿಯಿಂದ ನಾಲಿಗೆ ಹೆರೆದು, ಆನಂತರವೇ ಕಾಫಿಯ ಲೋಟಕ್ಕೆ ಕೈನೀಡತಕ್ಕದ್ದೆಂಬ ವಿಧಿಯನ್ನು ಐದನೆಯ ವಯಸ್ಸಿನಿಂದ ಲೋಪವಿಲ್ಲದೆ ಪಾಲಿಸಿಕೊಂಡು ಬಂದ ನನಗೆ, ಅದೇ ಸದಾಚಾರವು ಸಿಂಗಪುರದಲ್ಲಿ ಚೀನೀ ವೈದ್ಯರ ಸನ್ನಿಧಿಯಲ್ಲಿ ಸಾಕ್ಷ್ಯನಾಶವೆನಿಸೀತೆಂದು ಹೇಗೆ ತಿಳಿಯಬೇಕು?

ಮೂರು ತಿಂಗಳ ಕತ್ತುನೋವಿನ ನಿಮಿತ್ತ ಚೈನಾಟೌನಿನ ಚಿಕಿತ್ಸಾಲಯವೊಂದಕ್ಕೆ ಹೊರಟಾಗ, ಮೈಸೂರಿನಿಂದ ಬಂದಿದ್ದ ನಮ್ಮ ತಾಯಿಯವರೂ ಜೊತೆಗೂಡಿದರು. ಇಂಥ ವೈದ್ಯರೆಲ್ಲ 2000ದ ಕಾಯಿದೆಯ ಮೇರೆಗೆ ಇಲ್ಲಿ ನೋಂದಣಿ ಪಡೆದಿರಬೇಕೆಂದು ನಾನೆಷ್ಟು ವಿವರಿಸಿದರೂ ಕರಗದಿದ್ದ ಅವರ ಸಂಶಯವು, ಬಾಗಿಲಲ್ಲಿ ಮೂಗಿಗೆ ಬಡಿದ ಜ್ಯೇಷ್ಠಮಧು ಮತ್ತು ಒಣಗಿದ ಕಿತ್ತಳೆಸಿಪ್ಪೆಯ ಗಂಧಕ್ಕೆ ಕ್ಷಣಮಾತ್ರದಲ್ಲಿ ಕರಗಿಹೋಯಿತು. “ನಮ್ಮ ಗ್ರಂಧಿಗೆ ಅಂಗಡಿ ಕಣೋ ಇದು!”

ನೋಡುವುದು, ಆಲಿಸುವುದು (ಮೂಸುವುದೂ ಇದರಲ್ಲಿಯೇ ಅಡಕ), ಪ್ರಶ್ನಿಸುವುದು, ನಾಡಿ ಹಿಡಿಯುವುದು ಎಂದು ಚೀನೀ ವೈದ್ಯದಲ್ಲಿ ಪರೀಕ್ಷೆ ಚತುರ್ವಿಧ. ವೈದ್ಯೆಯು ಕತ್ತನ್ನು ಕಣ್ಣೆತ್ತಿಯೂ ನೋಡದೆ ನಿದ್ರೆ, ಬೆವರು, ಬಾಯಾರಿಕೆಗಳನ್ನು ವಿಚಾರಿಸಿ, ಮಲಶೋಧನೆಯ ಕ್ರಮಕ್ಕೆ ಬಂದಾಗ, ನಲವತ್ತೈದು ವರ್ಷದ ನಾನು ಸಂಕೋಚದಿಂದ ತಡವರಿಸುತ್ತಿರಲು, ತಾಯಿಯವರು ನನ್ನ ಶೈಶವದಿಂದ ಮೊದಲುಗೊಂಡು ಸವಿಸ್ತಾರವಾಗಿ ಕನ್ನಡದಲ್ಲಿ ಉತ್ತರಿಸಿದರು. ಭಾಷಾಂತರದ ಭಾರವೂ ನನ್ನದೇ. ಬಳಿಕ ಮಣಿಕಟ್ಟಿನ ಮೇಲೆ ಮೂರು ಬೆರಳು. ನಮ್ಮ ಪಂಡಿತರು ವಾತ ಪಿತ್ತ ಕಫಗಳನ್ನರಸುವ ಸ್ಥಾನದಲ್ಲಿ ಈಕೆ ಎಡಗೈಯಲ್ಲಿ ಹೃದಯ, ಯಕೃತ್ತು, ಮೂತ್ರಪಿಂಡಗಳನ್ನೂ, ಬಲಗೈಯಲ್ಲಿ ಶ್ವಾಸಕೋಶಾದಿಗಳನ್ನೂ ಅರಸಿದರು.

“ನಾಲಿಗೆ ತೋರಿಸಿ.” ಚಾಚಿದೆ. ವೈದ್ಯೆಯ ಹುಬ್ಬು ಗಂಟಿಕ್ಕಿತು. ನಾಲಿಗೆಯ ಮೇಲಣ ಲೇಪದ ಬಣ್ಣ, ದಪ್ಪಗಳಿಂದಲೇ ಒಡಲಿನ ಉಷ್ಣಶೀತಗಳನ್ನು ನಿರ್ಣಯಿಸಬೇಕಾದಲ್ಲಿ, ಲೇಪವು ಬೆಳಗಿನ ಜಾವವೇ ಬಚ್ಚಲು ಸೇರಿತ್ತು. ಅಳಿದುಳಿದುದಕ್ಕೆ ಡಿಕಾಕ್ಷನ್ನಿನ ಕಂದು ಬಣ್ಣ ಹತ್ತಿತ್ತು. ಮೊದಲ ಸಲ ಹೋಗುವವರು ಇವೆರಡನ್ನೂ ವರ್ಜಿಸಿರೆಂದು ಕಳಕಳಿಯಿಂದ ಬೇಡುತ್ತೇನೆ.

ಬಳಿಕ ಚುಚ್ಚಿದ ಸೂಜಿಗಳ ವಿಷಯದಲ್ಲಿ ಹೇಳಲೇನೂ ಇಲ್ಲ. ಕೂದಲಿನಷ್ಟು ತೆಳ್ಳಗಿದ್ದವು, ನಾನು ನಿದ್ರೆಹೋದೆ. ಎದ್ದಾಗ ತಾಯಿಯವರು ಔಷಧದ ಪೊಟ್ಟಣ ಹಿಡಿದು, ಅದರಲ್ಲಿ ಹುಳುಹುಪ್ಪಟೆ ಇಲ್ಲವಷ್ಟೆ ಎಂದು ಕೈಸನ್ನೆಯಿಂದ ವಿಚಾರಣೆ ನಡೆಸಿದ್ದರು. ಎರೆಹುಳುವೂ ಜೀರುಂಡೆಯ ಪೊರೆಯೂ ಆ ವೈದ್ಯದಲ್ಲಿ ಔಷಧಗಳೇ ಆದುದರಿಂದ ಪ್ರಶ್ನೆ ಅಸಂಗತವೇನಲ್ಲ. ಬೇರು, ತೊಗಟೆ ಮಾತ್ರವೆಂದು ಅಭಯ ದೊರೆಯಿತು. ತಣ್ಣೀರು ಕುಡಿಯಬಾರದು, ಒದ್ದೆತಲೆಯಲ್ಲಿ ಮಲಗಬಾರದು ಎಂದು ವೈದ್ಯೆ ವಿಧಿಸಿದುದನ್ನು ನಾನು ಕನ್ನಡಿಸಿದೊಡನೆ, “ನಲವತ್ತು ವರ್ಷ ನಾನು ಬಿಟ್ಟಿ ಹೇಳಿದ್ದಕ್ಕೆ ಇಲ್ಲಿ ದುಡ್ಡು ಕೊಟ್ಟೆ!” ಎಂದರು ತಾಯಿಯವರು.

ಮುಂದಿನ ಶನಿವಾರ ಹತ್ತು ಗಂಟೆಗೆ ಮತ್ತೆ ಬರಹೇಳಿದ್ದಾರೆ. ನನ್ನನ್ನಲ್ಲ, ಮಂಡಿನೋವಿಗಾಗಿ ತಾಯಿಯವರನ್ನು. ತಾಮ್ರದ ಪಟ್ಟಿಯನ್ನು ಅವರು ಈಗಾಗಲೇ ಕಪಾಟಿನೊಳಗೆ ಎತ್ತಿಟ್ಟಿದ್ದಾರೆ.