ಕೊಟ್ಟಾರ ವ್ಯಾಕರಣ

ಪೌರಸನ್ಮಾನಗಳಲ್ಲಿ ಸಂಭಾವನಾರ್ಥಕ ಕ್ರಿಯಾಪದದ ಪ್ರಯೋಗವನ್ನು ಕುರಿತು ಒಂದು ಶಾಸ್ತ್ರೀಯ ವಿವೇಚನೆ

ಶಾಸ್ತ್ರಗ್ರಂಥ ಬರೆಯಲು ಕೂತವರು ಮೊದಲು ವಿಘ್ನೇಶ್ವರನಿಗೆ ವಂದಿಸುವುದು ವಾಡಿಕೆ. ಇಲ್ಲಿನ ವಿಷಯ ನಗರಪಾಲಿಕೆಯಾದ್ದರಿಂದ ಈ ಲೇಖಕ ನಡುವಿನವರನ್ನು ಬಿಟ್ಟು ವಿಘ್ನಗಳಿಗೇ ನೇರವಾಗಿ ಕೈಮುಗಿದು ಪದನಿಷ್ಪತ್ತಿಗೆ ಹೊರಡುತ್ತಾನೆ.

ಮಂಗಳೂರಿನ ಲಾಲ್‌ಬಾಗಿನಲ್ಲಿ ಮಹಾನಗರ ಪಾಲಿಕೆಯ ಕಚೇರಿ ಇದೆ. ಅಲ್ಲಿಂದ ಉತ್ತರಕ್ಕೆ ಲೇಡಿಹಿಲ್, ಉರ್ವಾಸ್ಟೋರ್ ದಾಟಿದರೆ ಕೊಟ್ಟಾರ. ಕೊಟ್ಟಾರವೆಂದರೆ ಕಣಜ, ಉಗ್ರಾಣ. ಸಂಸ್ಕೃತದ ಕೋಷ್ಠಾಗಾರ ನಮ್ಮವರ ನಾಲಗೆಯಲ್ಲಿ ಸವೆದು ಸಣ್ಣದಾದದ್ದು ಎಂದು ಬಲ್ಲವರು ಹೇಳುತ್ತಾರೆ. ಪಕ್ಕದ ಊರಿನ ಹೆಸರಿನಲ್ಲಿಯೂ ಒಂದು ಸ್ಟೋರ್ ಇರುವುದನ್ನು ನೋಡಿದರೆ, ಒಂದೇ ರಸ್ತೆಯಲ್ಲಿ ಎರಡು ಉಗ್ರಾಣಗಳು, ಒಂದು ತದ್ಭವದ್ದು, ಒಂದು ಇಂಗ್ಲಿಷಿನದು, ಎಂದು ತೃಪ್ತಿಪಟ್ಟುಕೊಳ್ಳಬಹುದು. ಆದರೆ ಇಷ್ಟು ಸರಳವಾದದ್ದನ್ನು ಒಪ್ಪಿಕೊಂಡರೆ ಪ್ರಬಂಧ ಇಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಒಪ್ಪುವಂತಿಲ್ಲ.

ನಮ್ಮ ಸಿದ್ಧಾಂತ ಹೀಗಿದೆ. ಕೊಟ್ಟಾರ ನಾಮಪದವೇ ಅಲ್ಲ, ಕ್ರಿಯಾಪದ. 'ಕೊಡು' ಧಾತುವಿಗೆ ಸಂಭಾವನಾರ್ಥದಲ್ಲಿ ಪ್ರಥಮ ಪುರುಷ ಬಹುವಚನ ರೂಪ 'ಕೊಟ್ಟಾರು'. ಅದರ ಮುಂದೆ ಪ್ರಶ್ನೆಯ ಆಕಾರ ಬಂದು, ಉಕಾರ ಲೋಪವಾಗಿ, 'ಕೊಟ್ಟಾರಾ?' ಎಂದಾಯಿತು. ಕೇಳಿದ ಪ್ರಶ್ನೆಗೆ ತಲೆಮಾರುಗಳಿಂದ ಉತ್ತರ ಬಾರದೆ ಕೊನೆಯ ದೀರ್ಘ ದಣಿದು ಹ್ರಸ್ವವಾಯಿತು. ಪ್ರಶ್ನಾರ್ಥಕ ಚಿಹ್ನೆ ಯಾವುದೋ ಮಳೆಗಾಲದಲ್ಲಿ ತೊಳೆದುಹೋಯಿತು. ಉಳಿದದ್ದು ಕೊಟ್ಟಾರ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಇದಕ್ಕೆ ಸೂತ್ರವಿಲ್ಲ ಎಂದು ಆಕ್ಷೇಪಿಸುವವರಿಗೆ ನಮ್ಮ ಉತ್ತರ: ಕೇಶಿರಾಜ ಹದಿಮೂರನೆಯ ಶತಮಾನದವನು, ಅವನಿಗೆ ವಾರ್ಡ್ ಇರಲಿಲ್ಲ.

ಹೈಸ್ಕೂಲಿನ ವ್ಯಾಕರಣ ನೆನಪಿರುವವರಿಗೆ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂಬ ಮೂರು ರೂಪಗಳೂ ನೆನಪಿರಬೇಕು. ಕೊಡಲಿ, ಕೊಡರು, ಕೊಟ್ಟಾರು. ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ಇವು ಮೂರೂ ಬೇರೆಬೇರೆ ಸಾಲುಗಳಲ್ಲಿ ಕೂತಿರುತ್ತವೆ. ವಿರೋಧಪಕ್ಷದ ಕಡೆಯಿಂದ ಬರುವುದೆಲ್ಲ ವಿಧ್ಯರ್ಥಕ: ಉತ್ತರ ಕೊಡಲಿ, ಲೆಕ್ಕ ಕೊಡಲಿ, ರಾಜೀನಾಮೆ ಕೊಡಲಿ. ಈ ಶಬ್ದಕ್ಕೆ ಮರ ಕಡಿಯುವ ಅರ್ಥವೂ ಇರುವುದರಿಂದ ಆಡಳಿತಪಕ್ಷ ಸ್ವಲ್ಪ ಹಿಂದಕ್ಕೆ ವಾಲಿಕೊಂಡೇ ಕೇಳಿಸಿಕೊಳ್ಳುತ್ತದೆ. ಅಧಿಕಾರಿಗಳ ಸಾಲು ಪೂರ್ತಿ ನಿಷೇಧಾರ್ಥಕ: ಅನುದಾನ ಸಾಲದು, ನಿಯಮದಲ್ಲಿ ಬಾರದು, ಈ ವರ್ಷ ಆಗದು. ಮೇಯರರ ಪೀಠದಿಂದ ಹೊರಡುವುದು ಶುದ್ಧ ಸಂಭಾವನಾರ್ಥಕ: ಆದೀತು, ಬಂದೀತು, ಮುಂದಿನ ಸಭೆಗೆ ಇಟ್ಟರಾದೀತು. ಚುನಾವಣೆಯಲ್ಲಿ ಸಾಲು ಬದಲಾದರೆ ನಿನ್ನೆಯವರೆಗೆ 'ಕೊಡಲಿ' ಎಂದ ಬಾಯಿಯೇ ಒಂದು ರಾತ್ರಿಯಲ್ಲಿ 'ಕೊಟ್ಟಾರು' ಎನ್ನಲು ಕಲಿಯುತ್ತದೆ. ಇಷ್ಟು ಬೇಗ ವ್ಯಾಕರಣ ಕಲಿಸುವ ಬೇರೆ ಶಾಲೆ ಜಿಲ್ಲೆಯಲ್ಲಿಲ್ಲ. ಸಿಟ್ಟು ನೆತ್ತಿಗೇರಿದ ಕ್ಷಣ ಮಾತ್ರ ಮೂರೂ ಸಾಲುಗಳವರು ತುಳುವಿಗೆ ಇಳಿಯುತ್ತಾರೆ. ಆ ಭಾಗವನ್ನು ನಡಾವಳಿ ಬರೆಯುವವರು 'ಸುದೀರ್ಘವಾಗಿ ಚರ್ಚಿಸಲಾಯಿತು' ಎಂದು ಕನ್ನಡಿಸುತ್ತಾರೆ.

ನಡಾವಳಿಯ ಭಾಷೆಯ ಮೇಲೆ ಇನ್ನೂ ಯಾರೂ ಪಿಎಚ್‌ಡಿ ಮಾಡದಿದ್ದರೆ ಅದು ವಿಶ್ವವಿದ್ಯಾಲಯದ ನಷ್ಟ. ಅದು ಪೂರ್ತಿ ಕರ್ಮಣಿ ಪ್ರಯೋಗ: ತೀರ್ಮಾನಿಸಲಾಯಿತು, ಅನುಮೋದಿಸಲಾಯಿತು, ಸನ್ಮಾನಿಸಲಾಯಿತು. ಕರ್ಮಣಿಯಲ್ಲಿ ಕರ್ತೃ ತೃತೀಯಾ ವಿಭಕ್ತಿ ಹೊತ್ತು ಎಲ್ಲೋ ಒಂದು ಮೂಲೆಯಲ್ಲಾದರೂ ನಿಂತಿರಬೇಕು. ಇಲ್ಲಿ ಅವನು ಮೂಲೆಯಲ್ಲೂ ಸಿಗುವುದಿಲ್ಲ. ತೀರ್ಮಾನಿಸಿದ್ದು ಯಾರೆಂದು ಕೇಳಿದರೆ ಸಭೆ. ಸಭೆ ಎಂದರೆ ಯಾರೆಂದು ಕೇಳಿದರೆ ಅಂದು ಕೋರಂ ಇತ್ತು. ಕಾಲಗಳ ವಿಷಯದಲ್ಲೂ ಪಾಲಿಕೆ ಭಾಷೆಗೆ ದೊಡ್ಡ ಸೇವೆ ಸಲ್ಲಿಸಿದೆ. ಕನ್ನಡಕ್ಕೆ ಭೂತ, ವರ್ತಮಾನ, ಭವಿಷ್ಯತ್ ಮೂರೇ ಇದ್ದವು. ನಾಲ್ಕನೆಯದು ಘಟನೋತ್ತರ ಕಾಲ. ಶಾಲು ಹೊದಿಸಿಯಾಯಿತು, ಹಣ್ಣು ತಿಂದಾಯಿತು, ಪೆಂಡಾಲಿನವನು ಮೂರು ಸಲ ಬಂದು ಹೋದ. ಆಮೇಲೆ ಒಂದು ದಿನ ಶಾಲು ಹೊದಿಸಬಹುದೇ ಎಂಬ ವಿಷಯ ಕಾರ್ಯಸೂಚಿಯಲ್ಲಿ ಬಂದು 'ಘಟನೋತ್ತರ ಮಂಜೂರಾತಿ' ಪಡೆಯುತ್ತದೆ. ಭೂತಕಾಲದಲ್ಲಿ ನಡೆದದ್ದಕ್ಕೆ ಭವಿಷ್ಯತ್ತಿನಲ್ಲಿ ಅಪ್ಪಣೆ ಕೇಳುವ ಈ ಪ್ರಯೋಗ ಪಾಣಿನಿಗೂ ಹೊಳೆದಿರಲಿಕ್ಕಿಲ್ಲ.

ಈಗ ಸನ್ಮಾನ. 'ಸಂಭಾವನೆ' ಎಂದರೆ ಆದೀತೆಂಬ ಊಹೆ. 'ಸಂಭಾವನೆ' ಎಂದರೆ ಗೌರವವೂ ಹೌದು, ಗೌರವದ ಜೊತೆಗಿನ ಕವರೂ ಹೌದು. ಒಂದೇ ಶಬ್ದದಲ್ಲಿ ಇವನ್ನೆಲ್ಲ ತುಂಬಿದ ಹಿರಿಯರು ಯಾವುದೋ ಪೌರಸನ್ಮಾನದಲ್ಲಿ ವಂದನಾರ್ಪಣೆಯವರೆಗೂ ಕೂತಿದ್ದವರೇ ಇರಬೇಕು. ಕವರು ಕೈಗೆ ಬರುವ ತನಕ ಮೊದಲನೆಯ ಅರ್ಥ. ಮನೆಗೆ ಬಂದು ಬಿಡಿಸಿ ನೋಡಿದ ಮೇಲೆ ಮತ್ತೆ ಮೊದಲನೆಯ ಅರ್ಥ.

ಸಮಾಸದ ದೃಷ್ಟಿಯಿಂದ ಸನ್ಮಾನ ಬಹುವ್ರೀಹಿ, ಅನ್ಯಪದಾರ್ಥ ಪ್ರಧಾನ. ಮರುದಿನದ ಪತ್ರಿಕೆಯ ಚಿತ್ರವನ್ನೇ ಪ್ರಮಾಣವಾಗಿ ತೆಗೆದುಕೊಳ್ಳಿ. ಕುರ್ಚಿಯಲ್ಲಿ ಸಾಧಕರು ಕೂತಿದ್ದಾರೆ. ಎಲ್ಲ ತಲೆಗೂ ಒಂದೇ ಅಳತೆಯ ಮೈಸೂರು ಪೇಟ ಹುಬ್ಬಿನವರೆಗೆ ಇಳಿದಿದೆ. ಮಡಿಲಲ್ಲಿರುವ ಹಣ್ಣಿನ ಬುಟ್ಟಿಯ ಪ್ಲಾಸ್ಟಿಕ್ ಹಾಳೆ ಬೆಳಕು ಹೊಡೆದು ಉಳಿದ ಮುಖವನ್ನೂ ನುಂಗಿದೆ. ಹಿಂದೆ ನಿಂತ ಹನ್ನೊಂದು ಮಂದಿಯ ಮುಖಗಳು ಮಾತ್ರ ಸ್ಪಷ್ಟ. ಕೆಳಗಿನ ಅಕ್ಷರಗಳಲ್ಲಿ ಹನ್ನೊಂದು ಹೆಸರುಗಳೂ ಇವೆ, ಕೊನೆಯಲ್ಲಿ 'ಮತ್ತಿತರರು' ಇದ್ದಾರೆ. ಕುರ್ಚಿಯಲ್ಲಿ ಕೂತವರು ಬಹುಶಃ ಆ ಮತ್ತಿತರರು.

2021ರ ಆಗಸ್ಟಿನಲ್ಲಿ ರಾಜ್ಯ ಸರಕಾರ ಈ ಶಾಸ್ತ್ರದ ಬುಡಕ್ಕೇ ನೀರು ಬಿಟ್ಟಿತು. ಸರಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಬಂತು. ಬರೆಯುವವರೆಲ್ಲ ಹಿಗ್ಗಿದೆವು, ಕಪಾಟಿನಲ್ಲಿ ಮಾರಾಟವಾಗದೆ ಉಳಿದ ಪ್ರತಿಗಳ ಧೂಳು ಒರೆಸಿದೆವು. ಆದರೆ ಆಚಾರ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಪುಸ್ತಕವನ್ನು ಶಾಲಿನಲ್ಲಿ ಸುತ್ತಿ, ಮೇಲೊಂದು ಹಾರ ಇಟ್ಟು ಕೊಟ್ಟದ್ದನ್ನು ಈ ಲೇಖಕ ಕಣ್ಣಾರೆ ಕಂಡಿದ್ದಾನೆ. ಕೊಟ್ಟದ್ದು ಕವಿಯೊಬ್ಬರಿಗೆ, ಪುಸ್ತಕ ಅವರದೇ ಸಂಕಲನ.

ಸಂಖ್ಯಾಶಾಸ್ತ್ರಕ್ಕೂ ಒಂದು ಮಾತು. ರಾಜ್ಯೋತ್ಸವ ಪ್ರಶಸ್ತಿಯನ್ನು ಹುಟ್ಟುಹಬ್ಬಕ್ಕೆ ಮೊಂಬತ್ತಿ ಹಚ್ಚಿದ ಹಾಗೆ ರಾಜ್ಯದ ವಯಸ್ಸಿನ ವರ್ಷಕ್ಕೊಂದರ ಲೆಕ್ಕದಲ್ಲಿ ಹಂಚುವ ಪದ್ಧತಿ ಇದೆ. 2024ರಲ್ಲಿ 69 ಮಂದಿಗೆ ಬಂತು. ಅರ್ಹತೆ ಹೆಚ್ಚಿಸಿಕೊಳ್ಳುವುದು ಕಷ್ಟವಾದವರು ಆಯುಷ್ಯ ಹೆಚ್ಚಿಸಿಕೊಳ್ಳಬಹುದು, 2056ಕ್ಕೆ 101 ಇರುತ್ತದೆ. ನಗರ ಮಟ್ಟದಲ್ಲಿ ಇಂಥ ಕಡಿವಾಣವೂ ಇಲ್ಲ. ಬೆಂಗಳೂರಿನ ಪಾಲಿಕೆಯ ಕೆಂಪೇಗೌಡ ಪ್ರಶಸ್ತಿಯ ಪಟ್ಟಿ ಹನುಮಂತನ ಬಾಲದಂತೆ ಬೆಳೆದು ಗದ್ದಲವಾದದ್ದನ್ನು ನಾವು ಕರಾವಳಿಯಲ್ಲಿ ಕೂತು ಓದಿದ್ದೇವೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

ಮಂಗಳೂರು ಈ ವಿಷಯದಲ್ಲಿ ತಾಳ್ಮೆಯ ಊರು. ಪುರಸಭೆ ಬಂದದ್ದು 1866ರಲ್ಲಿ, ಮಹಾನಗರ ಪಾಲಿಕೆ ಎಂಬ ಬಿರುದು ಸಿಕ್ಕಿದ್ದು 1980ರಲ್ಲಿ. ಬಿರುದು ಹಂಚುವ ಸಂಸ್ಥೆಯೇ ತನ್ನ ಬಿರುದಿಗೆ 114 ವರ್ಷ ಕಾದಿರುವಾಗ ಉಳಿದವರು ಅವಸರ ಮಾಡುವುದು ಚೆನ್ನಲ್ಲ. ಮೇಯರರೂ ಕಾಯುತ್ತಾರೆ. 2013ರಲ್ಲಿ ಜನ ಮತ ಹಾಕಿದರು, ಮೇಯರ್ ಆದದ್ದು 2014ರಲ್ಲಿ. 2019ರ ನವೆಂಬರಿನಲ್ಲಿ ಮತ್ತೆ ಹಾಕಿದರು, ಮೇಯರ್ ಪೀಠವೇರಿದ್ದು 2020ರ ಫೆಬ್ರವರಿ ಕೊನೆಗೆ. ಏರಿದ ಮೇಲೆ ಅವಧಿ ಒಂದೇ ವರ್ಷ. ಶಾಲು ಹೊದಿಸಲು ಕೈ ಪಳಗುವ ಹೊತ್ತಿಗೆ ಅವರಿಗೇ ಯಾರೋ ಶಾಲು ಹೊದಿಸಿ ಬೀಳ್ಕೊಡುತ್ತಾರೆ.

ಇನ್ನು ಊರಿನ ಉತ್ತರಪದವಾದ 'ಚೌಕಿ'. ಕೊಟ್ಟಾರ ಚೌಕಿಯೆಂದರೆ ಹಿಂದೆ ಕಾವಲು ಕಟ್ಟೆ ಇದ್ದ ಜಾಗವೆಂದು ವಾಹನ ಓಡಿಸುವವರ ಪಂಥ ಹೇಳುತ್ತದೆ. ದಕ್ಷಿಣ ಕನ್ನಡದಲ್ಲಿ ಹುಟ್ಟಿದವನಿಗೆ ಚೌಕಿ ಒಂದೇ: ಯಕ್ಷಗಾನದವರು ಬಣ್ಣ ಹಚ್ಚುವ ಜಾಗ. ಪಾಲಿಕೆಯೂ ಒಂದು ಮೇಳವೇ. ಕಲಾವಿದರು 60, ವಾರ್ಡಿಗೊಬ್ಬರಂತೆ. 2019ರ ತಿರುಗಾಟದಲ್ಲಿ 44 ಪೀಠಿಕೆವೇಷ, 16 ಎದುರುವೇಷ. ಭಾಗವತರ ಜಾಗಟೆಯ ಸ್ಥಾನದಲ್ಲಿ ಮೇಯರರ ಗಂಟೆ. ಒಡ್ಡೋಲಗಕ್ಕೆ ಬದಲು ಸಂತಾಪ ಸೂಚನೆ. ಎದುರುವೇಷದ ಅಬ್ಬರಕ್ಕೆ ಬದಲು ಮೇಯರರ ಪೀಠದ ಮುಂದಿನ ಬಾವಿಗಿಳಿಯುವುದು. 2019ರ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನ ನೀರು ತಳ ಕಂಡು ಊರಿಗೆ ಸರದಿಯ ಮೇಲೆ ನೀರು ಬಿಡುವಂತಾದಾಗ ಸಭಾಂಗಣದ ಬಾವಿಗೂ ರಜೆ. ಪರಿಷತ್ತಿನ ಅವಧಿ ಆಗಲೇ ಮುಗಿದಿತ್ತು. ನೀರಿಲ್ಲದ ಬಾವಿ ನೋಡಿದ್ದೇವೆ, ಇಳಿಯುವವರಿಲ್ಲದ ಬಾವಿ ನೋಡಿದ್ದು ಆಗಲೇ. ಒಂದು ವ್ಯತ್ಯಾಸವನ್ನು ಮಾತ್ರ ಪ್ರಾಮಾಣಿಕವಾಗಿ ದಾಖಲಿಸಬೇಕು. ಯಕ್ಷಗಾನದಲ್ಲಿ ರಾತ್ರಿ ಹನ್ನೆರಡಕ್ಕೆ, ಮಹಿಷಾಸುರ ಇನ್ನೇನು ಬರಬೇಕು ಎನ್ನುವಾಗ, ಆಟ ನಿಲ್ಲಿಸಿ ಸನ್ಮಾನ ಮಾಡುತ್ತಾರೆ. ಪಾಲಿಕೆಯಲ್ಲಿ ಸನ್ಮಾನಕ್ಕಾಗಿ ನಿಲ್ಲಿಸುವುದು ಆಟವನ್ನಲ್ಲ, ಚರಂಡಿಯ ಚರ್ಚೆಯನ್ನು.

ಚರಂಡಿಯೆಂದಾಗ ಸಂಧಿಪ್ರಕರಣ ಬಂದೇ ಬಂತು. ಕನ್ನಡ ಸಂಧಿ ಮೂರು: ಲೋಪ, ಆಗಮ, ಆದೇಶ. 2018ರ ಮೇ 29ರಂದು ಮಂಗಳೂರಿನ ಮೇಲೆ ಮಳೆ ಮುರಿದು ಬಿದ್ದಾಗ ಕೊಟ್ಟಾರ ಚೌಕಿಯಲ್ಲಿ ಈ ಮೂರೂ ಒಂದೇ ದಿನ ಸಂಭವಿಸಿದವು. ಮೊದಲು ರಸ್ತೆ ಲೋಪ. ಆಮೇಲೆ ರಾಜಕಾಲುವೆಯಿಂದ ನೀರಿನ ಆಗಮ, ಅಂಗಡಿಯೊಳಗೆ, ಮನೆಯೊಳಗೆ, ಕಾರಿನೊಳಗೆ. ಕೊನೆಗೆ ಹೂಳೆತ್ತಲು ಆದೇಶ. ವ್ಯಾಕರಣ ಮೇಷ್ಟ್ರುಗಳು ಕಪ್ಪುಹಲಗೆಯಲ್ಲಿ 'ಮಳೆ + ಕಾಲ = ಮಳೆಗಾಲ' ಎಂದು ಬರೆದು ಆದೇಶ ಸಂಧಿಗೆ ಉದಾಹರಣೆ ಕೊಡುವಾಗ ಇಷ್ಟನ್ನೆಲ್ಲ ಊಹಿಸಿರಲಿಲ್ಲ.

ಪೂರ್ವಪಕ್ಷದವರು ಇಲ್ಲಿ ಕೈ ಎತ್ತುತ್ತಾರೆ: ಶಾಲು ಹಳೆಯದಾಗುತ್ತದೆ, ಹಣ್ಣು ಕೊಳೆಯುತ್ತದೆ, ರಸ್ತೆಗೆ ಹೆಸರಿಡುವುದೇ ಶಾಶ್ವತ ಗೌರವವಲ್ಲವೇ? ಪರಿಶೀಲಿಸೋಣ. ಲೈಟ್‌ಹೌಸ್ ಹಿಲ್ ರಸ್ತೆಗೆ ವಿಜಯಾ ಬ್ಯಾಂಕನ್ನು ಬೆಳೆಸಿದ ಮೂಲ್ಕಿ ಸುಂದರರಾಮ ಶೆಟ್ಟರ ಹೆಸರಿಡುವ ವಿಷಯ 2017ರಲ್ಲಿ ಜಗಳಕ್ಕೆ ಬಿದ್ದು ತಡೆಯಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2019ರ ಏಪ್ರಿಲ್ 1ರಂದು, 1931ರಲ್ಲಿ ಇದೇ ಮಂಗಳೂರಿನಲ್ಲಿ ಹುಟ್ಟಿದ ಆ ಬ್ಯಾಂಕಿನ ಹೆಸರೇ ಬ್ಯಾಂಕ್ ಆಫ್ ಬರೋಡದಲ್ಲಿ ಕರಗಿಹೋಯಿತು. ರಸ್ತೆಗೆ ಹೆಸರು ಏರಿಸುವ ಗಲಾಟೆಯ ನಡುವೆ ಬಾಗಿಲ ಮೇಲಿನ ಬೋರ್ಡು ಇಳಿದದ್ದು ಯಾರಿಗೂ ಕೇಳಿಸಲಿಲ್ಲ.

ಹೆಸರು ಉಳಿದ ಕಡೆಯ ಕಥೆ ಕೇಳಿ. ಹಂಪನಕಟ್ಟೆಯ ಪಕ್ಕದ ಕೆ.ಎಸ್. ರಾವ್ ರಸ್ತೆಯಲ್ಲಿ ನಿಂತು ಕೆ.ಎಸ್. ರಾವ್ ಯಾರೆಂದು ಹತ್ತು ಮಂದಿಯನ್ನು ಕೇಳುವ ಕ್ಷೇತ್ರಕಾರ್ಯವನ್ನು ಈ ಲೇಖಕ ಕೈಗೊಂಡ. ಒಬ್ಬರು ಡಾಕ್ಟರ್ ಇರಬೇಕೆಂದರು. ಒಬ್ಬರು ಆ ಹೆಸರಿನ ಅಂಗಡಿ ಇಲ್ಲಿಲ್ಲ, ಮುಂದೆ ಕೇಳಿ ಎಂದರು. ಕಾರ್ನಾಡು ಸದಾಶಿವರಾಯರು ಎಂದವರು ಒಬ್ಬರೇ, ಅವರೂ ನಿವೃತ್ತ ಮೇಷ್ಟ್ರು. 1881ರಲ್ಲಿ ಹುಟ್ಟಿದ ಸದಾಶಿವರಾಯರು ಶ್ರೀಮಂತರ ಮನೆಯವರು, ವಕೀಲರು. ಮಂಗಳೂರಿನಲ್ಲಿ ಮಹಿಳಾ ಸಭೆ ಕಟ್ಟಲು ನಿಂತವರು. ಗಾಂಧೀಜಿ ಕರೆದಾಗ ವಕೀಲಿಕೆ ಬಿಟ್ಟರು, ಜೈಲಿಗೆ ಹೋದರು, ಇದ್ದದ್ದನ್ನೆಲ್ಲ ಚಳವಳಿಗೂ ಬಡವರಿಗೂ ಕೊಟ್ಟರು. 1937ರಲ್ಲಿ ತೀರಿಕೊಂಡಾಗ ಕೈಯಲ್ಲಿ ಏನೂ ಉಳಿದಿರಲಿಲ್ಲ. ಇವತ್ತು ಬೆಂಗಳೂರಿನ ಅತ್ಯಂತ ದುಬಾರಿ ಮನೆಗಳಿರುವ ಸದಾಶಿವನಗರಕ್ಕೂ ಅವರದೇ ಹೆಸರು. ಸ್ವಂತ ಊರಿನ ರಸ್ತೆಯಲ್ಲಿ ಮಾತ್ರ ಅವರು ಎರಡು ಅಕ್ಷರ, ಒಂದು ರಾವ್.

ಈ ಲೇಖಕನ ವ್ಯಾಕರಣ ಸ್ವಲ್ಪ ತಡವರಿಸಿದ್ದು ಇಲ್ಲಿ. 'ಕೊಟ್ಟರು' ಎಂಬುದಕ್ಕೂ 'ಕೊಟ್ಟಾರು' ಎಂಬುದಕ್ಕೂ ನಡುವೆ ಇರುವುದು ಒಂದೇ ಒಂದು ದೀರ್ಘ. ಆ ದೀರ್ಘದೊಳಗೆ 60 ವಾರ್ಡು, 4 ಸ್ಥಾಯಿ ಸಮಿತಿ, ಅಷ್ಟೂ ವರ್ಷಗಳ ನಡಾವಳಿ ಪುಸ್ತಕಗಳು ಆರಾಮವಾಗಿ ಹಿಡಿಸುತ್ತವೆ. ಹಂಪನಕಟ್ಟೆಯನ್ನೇ ನೋಡಿ. ಅಪ್ಪಣ್ಣನೆಂಬವನು ಅಲ್ಲೊಂದು ಕಟ್ಟೆಯಲ್ಲಿ ಕೂತು ದಾರಿಹೋಕರಿಗೆ ಬೆಲ್ಲ ನೀರು ಕೊಡುತ್ತಿದ್ದನಂತೆ. ಅಪ್ಪಣ್ಣನ ಕಟ್ಟೆ ಹಂಪನಕಟ್ಟೆಯಾಯಿತೆಂದು ಪ್ರತೀತಿ. ಅದಕ್ಕೆ ಸೂಚಕರಿಲ್ಲ, ಅನುಮೋದಕರಿಲ್ಲ, ಘಟನೋತ್ತರ ಮಂಜೂರಾತಿಯೂ ಇಲ್ಲ. ಕುಡಿದವರು ಕರೆದರು, ಅಷ್ಟೆ. ಶಾಸ್ತ್ರದ ಶಿಸ್ತಿಗೆ ಒಗ್ಗದ ಉದಾಹರಣೆಯಾದ್ದರಿಂದ ಇದನ್ನು ಅಪವಾದ ಎಂದು ಬದಿಗಿಡಲಾಗಿದೆ.

2025ರ ಫೆಬ್ರವರಿಯಲ್ಲಿ ಪರಿಷತ್ತಿನ ಅವಧಿ ಮುಗಿದು ಆಡಳಿತಾಧಿಕಾರಿ ಬಂದಾಗ ಪೀಠಿಕೆವೇಷವೂ ಎದುರುವೇಷವೂ ಒಟ್ಟಿಗೇ ಚೌಕಿಗೆ ಮರಳಿದವು. ಕರ್ತೃವಿಲ್ಲದ ವಾಕ್ಯವನ್ನು ಇಷ್ಟು ವರ್ಷ ಅಭ್ಯಾಸ ಮಾಡಿದ್ದ ಊರಿಗೆ ವ್ಯತ್ಯಾಸ ತಟ್ಟನೆ ಗೊತ್ತಾಗಲಿಲ್ಲ. ನಮ್ಮ ಮನೆಯಲ್ಲಿ ಆಗ ಮೂರು ಶಾಲುಗಳಿದ್ದವು, ಮೂರೂ ಬೇರೆಬೇರೆ ಸಂಘಗಳವು. ಒಂದು ಮಿಕ್ಸಿಯ ಮೇಲೆ, ಒಂದು ಹೊಲಿಗೆ ಯಂತ್ರದ ಮೇಲೆ. ಮೂರನೆಯದನ್ನು, ಈ ಪ್ರಬಂಧದ ಹಸ್ತಪ್ರತಿ ಹಿಡಿದು ಲಾಲ್‌ಬಾಗಿಗೆ ಹೊರಟ ದಿನ ಆಷಾಢದ ಮಳೆ ಸುರಿಯುತ್ತಿದ್ದುದರಿಂದ, ಹಾಳೆಗಳ ಸುತ್ತ ಸುತ್ತಿಕೊಂಡೆ. ಕಚೇರಿಯ ಮೆಟ್ಟಿಲವರೆಗೆ ಹೋಗಿ, ಯಾವ ವಿಭಾಗಕ್ಕೆ ಕೊಡಬೇಕೆಂದು ತಿಳಿಯದೆ, ಬಸ್‌ಸ್ಟಾಪಿಗೆ ವಾಪಸಾದೆ.

ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಜರಿಯ ಅಂಚು ನೋಡಿ ಕೇಳಿದರು: "ಸನ್ಮಾನ ಇತ್ತ್ಂಡಾ?"

"ಇಜ್ಜಿ ಮಾರಾಯ್ರೆ, ಬರ್ಸ," ಎಂದೆ. ಸನ್ಮಾನ ಇಲ್ಲ, ಮಳೆ.

ಅಷ್ಟರಲ್ಲಿ ಬಸ್ಸು ನೀರು ಎರಚಿಕೊಂಡು ಬಂದು ನಿಂತಿತು. ಫುಟ್‌ಬೋರ್ಡಿನಲ್ಲಿ ತೂಗುತ್ತಿದ್ದ ಕಂಡಕ್ಟರ್ ನನ್ನನ್ನೂ ನನ್ನ ಶಾಲನ್ನೂ ಒಮ್ಮೆ ನೋಡಿ, ಒಂದೇ ಶಬ್ದ ಕೇಳಿದ.

"ಕೊಟ್ಟಾರ?"